ಟ್ರಂಕಿಗೆ ಯಾವುದು, ಚೀಲಕ್ಕೆ ಯಾವುದು

ಜೂನ್ ೩, ಸೋಮವಾರ

ಯಾರದು, ಕನ್ನಡಕ ಏರಿಸಿಕೊಂಡು ಇದನ್ನು ಓದುತ್ತಿರುವುದು? ನಾಚಿಕೆ ಆಗಬೇಕು. ಇನ್ನೊಬ್ಬರ ತಲೆದಿಂಬಿನ ಕೆಳಗೆ ಕೈ ಹಾಕುವುದನ್ನು ಯಾವ ಸ್ಕೂಲಿನಲ್ಲಿ ಕಲಿತಿರಿ? ಮಗಳಾಗಿದ್ದರೆ, ಒಲೆಯ ಮೇಲೆ ಹಾಲು ಉಕ್ಕುತ್ತಿದೆ, ಹೋಗಿ ನೋಡು. ಅಳಿಯಂದಿರಾಗಿದ್ದರೆ, ನಿಮ್ಮ ಬಗ್ಗೆ ಒಂದು ಒಳ್ಳೆಯ ಸಾಲೂ ಇದರಲ್ಲಿ ಸಿಗುವುದಿಲ್ಲ, ಸುಮ್ಮನೆ ಹೊಟ್ಟೆ ಉರಿಸಿಕೊಳ್ಳಬೇಡಿ. ಬೀಗಿತ್ತಿಯವರಾಗಿದ್ದರೆ (ನೀವೇ ಇರಬೇಕು, ಇಡೀ ದಿನ ಈ ಕೋಣೆಯಲ್ಲಿ ಇರುವವರು ನಾವಿಬ್ಬರೇ), ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ತಪ್ಪು ಸಿಕ್ಕರೆ ಕೆಂಪು ಶಾಯಿಯಲ್ಲಿ ತಿದ್ದಿ, ಮಾರ್ಕು ಹಾಕಿ, ಇದ್ದಲ್ಲೇ ಮುಚ್ಚಿಡಿ.

ಪರದೆ ಬಿಚ್ಚಲು ಏಣಿ ಹತ್ತಿದೆ. ಇಳಿಯುವಾಗ ಇನ್ನೊಂದು ಮೆಟ್ಟಿಲು ಇದೆ ಎಂದುಕೊಂಡೆ, ಇರಲಿಲ್ಲ. ಎಡಗಾಲು ಮಂಡಿಯ ಕೆಳಗೆ ಮುರಿಯಿತು. ಐದು ವಾರ ಪ್ಲಾಸ್ಟರ್. ಬೈಂಡಿಂಗ್ ಅಂಗಡಿಯ ಮೇಲಿನ ಮನೆಯಲ್ಲಿ ನಾನೂ ನನ್ನ ತಮ್ಮನೂ ಇರುವುದು. ಅವನಿಗೆ ತನ್ನ ಅಂಗಿಯ ಗುಂಡಿ ಹುಡುಕಲೂ ಬರುವುದಿಲ್ಲ, ನನ್ನನ್ನೇನು ನೋಡಿಕೊಂಡಾನು? ಮಗಳು ಬಂದು ತನ್ನ ಮನೆಗೆ ಎತ್ತಿಕೊಂಡು ಬಂದಳು. ಇಲ್ಲಿ ಇರುವುದೇ ಎರಡು ಮಲಗುವ ಕೋಣೆ. ನನ್ನ ಮಂಚ ಅಳಿಯನ ತಾಯಿಯ ಕೋಣೆಗೆ ಬಂತು.

ಮಂಚ ಒಳಗೆ ಬರಬೇಕಾದರೆ ಬೀರು ಹೊರಗೆ ಹೋಗಬೇಕಾಯಿತು. ಆ ಬೀರು ತುಂಬ ಬೀಗಿತ್ತಿಯವರು ನಲವತ್ತೈದು ವರ್ಷ ಕೂಡಿಸಿದ ಚಿತ್ರದ ಅಂಚೆ ಕಾರ್ಡುಗಳು. ಈಗ ಪಡಸಾಲೆಯಲ್ಲಿ ಡಬ್ಬಗಳ ಮೇಲೆ ಡಬ್ಬ. ಯಾರೂ ಸರಿಯಾಗಿ ನಡೆಯುವಂತಿಲ್ಲ. ನಡೆಯಲಾರದವಳು ನಾನು, ನನಗೇನೂ ತೊಂದರೆಯಿಲ್ಲ.

ಅಳಿಯ ಅವರ ತಾಯಿಗೆ ಹೇಳಿದರು: "ಅಮ್ಮ, ನಿನ್ನ ಮಂಚದ ಕೆಳಗೆ ಒಂದು ಟ್ರಂಕು ಹಿಡಿಸುತ್ತೆ. ಅದರಲ್ಲಿ ಹಿಡಿದಷ್ಟು ಇಟ್ಕೋ. ಮಿಕ್ಕಿದ್ದು ಲೈಬ್ರರಿಯವರು ತಗೊಂಡ್ರೆ ಸರಿ. ಇಲ್ಲಾಂದ್ರೆ ರದ್ದಿಯವನಿಗೆ."

ಬೀಗಿತ್ತಿ ತಲೆಯಾಡಿಸಿ ನನ್ನ ಕಡೆ ನೋಡಿ ನಕ್ಕರು. ಕ್ಲಾಸಿಗೆ ತಡವಾಗಿ ಬಂದವಳನ್ನು ನೋಡಿ ಟೀಚರು ನಗುವ ನಗೆ ಅದು.

ಜೂನ್ ೬, ಗುರುವಾರ

ಅವರು ಭೂಗೋಳದ ಟೀಚರಾಗಿದ್ದವರು. ಮಕ್ಕಳಿಗೆ ತೋರಿಸಲೆಂದು ಚಿತ್ರದ ಕಾರ್ಡು ಕೂಡಿಸಲು ಶುರುಮಾಡಿದ್ದು, ಆಮೇಲೆ ಚಟವಾಯಿತಂತೆ. ಹಳೇ ಪುಸ್ತಕದ ಅಂಗಡಿ, ನೆಂಟರ ಅಟ್ಟ, ಖಾಲಿ ಮಾಡುವ ಮನೆ, ಎಲ್ಲಿಂದ ಬೇಕಾದರೂ ತಂದಿದ್ದಾರೆ. ಎಲ್ಲ ಬೂಟಿನ ಡಬ್ಬಗಳಲ್ಲಿ. ಮೇಲೆ ಚೀಟಿ: ನದಿಗಳು. ಸೇತುವೆಗಳು. ರೈಲು ನಿಲ್ದಾಣಗಳು. ಗಡಿಯಾರದ ಗೋಪುರಗಳು.

ಇವತ್ತು ಟ್ರಂಕು ಬಂತು. ಬೀಗಿತ್ತಿ ತಮ್ಮ ಕಾನೂನು ಓದಿ ಹೇಳಿದರು. ಹಳೆಯದರಲ್ಲಿ ಚೆಂದದ್ದು ಟ್ರಂಕಿಗೆ, ಮಿಕ್ಕ ಹಳೆಯದು ಲೈಬ್ರರಿಗೆ, ಹೊಸದೆಲ್ಲ ರದ್ದಿಯ ಚೀಲಕ್ಕೆ.

"ಹಳೇದು ಅಂದ್ರೆ ಯಾವುದ್ರೀ?" ಎಂದೆ.

"ಐವತ್ತು ವರ್ಷ ದಾಟಿದ್ದು."

"ನಲವತ್ತೊಂಬತ್ತು ವರ್ಷ ಹನ್ನೊಂದು ತಿಂಗಳು ಆಗಿದ್ರೆ?"

"ಹೊಸದು."

"ಪಾಪ, ಇನ್ನೊಂದು ತಿಂಗಳು ಅದನ್ನ ಎಲ್ಲಾದ್ರೂ ಕೂರಿಸಿ. ಬೇಕಾದ್ರೆ ನನ್ನ ಮಂಚದ ಮೇಲೆ ಜಾಗ ಕೊಡ್ತೀನಿ."

"ನಿಮ್ಮ ಮಂಚ ಬಂದಿದ್ದಕ್ಕೇ ಅಲ್ವಾ ಇಷ್ಟೆಲ್ಲ."

ನಾನು ಸುಮ್ಮನಿರಬಹುದಿತ್ತು. "ನಿಮಗೀಗ ಎಷ್ಟು ಬೀಗಿತ್ತಿಯವರೇ? ಎಪ್ಪತ್ತೊಂದಲ್ವಾ? ಹಾಗಾದ್ರೆ ಟ್ರಂಕಿಗೆ ಮೊದಲು ನೀವೇ ಇಳೀಬೇಕು."

"ನಿಮಗೆ ಎಪ್ಪತ್ನಾಲ್ಕು. ದೊಡ್ಡವರು ಮುಂದೆ ನಡೀರಿ, ನಾನು ಹಿಂದೆ ಬರ್ತೀನಿ."

ಇವರಿಗೂ ಬಾಯಿ ಇದೆ ಎಂದು ಇಪ್ಪತ್ತೆಂಟು ವರ್ಷದ ಬೀಗತನದಲ್ಲಿ ಇವತ್ತೇ ಗೊತ್ತಾದದ್ದು.

ಜೂನ್ ೧೦, ಸೋಮವಾರ

ಐವತ್ತು ವರ್ಷದ ಕಾನೂನು ನಾಲ್ಕು ದಿನಕ್ಕೇ ಕುಂಟತೊಡಗಿತು. ಅಂಚೆಗೆ ಹಾಕಿದ ಕಾರ್ಡಿನಲ್ಲಿ ಮುದ್ರೆ ಇರುತ್ತದೆ, ಮುದ್ರೆಯಲ್ಲಿ ವರ್ಷ ಇರುತ್ತದೆ. ಅರ್ಧಕ್ಕರ್ಧ ಕಾರ್ಡುಗಳಲ್ಲಿ ಮುದ್ರೆ ಅಳಿಸಿಹೋಗಿದೆ, ಇಲ್ಲ ಯಾರೋ ಸ್ಟಾಂಪಿನ ಆಸೆಗೆ ಮೂಲೆಯನ್ನೇ ಕಿತ್ತಿದ್ದಾರೆ. ಅಂಥವನ್ನು ಬೀಗಿತ್ತಿ ಚಿತ್ರ ನೋಡಿ ನಿರ್ಧರಿಸುತ್ತಾರೆ. ಕುದುರೆಗಾಡಿ ಇದ್ದರೆ ಹಳೆಯದು. ಗಂಡಸರ ತಲೆಯ ಮೇಲೆ ಹ್ಯಾಟು ಇದ್ದರೆ ಹಳೆಯದು. ನೋಡಿ ನೋಡಿ ನನಗೆ ತಡೆಯಲಾಗಲಿಲ್ಲ.

"ಚಿತ್ರಕ್ಕೆ ವಯಸ್ಸಾದ್ರೆ ಕಾರ್ಡಿಗೂ ವಯಸ್ಸಾಯ್ತಾ? ಇನ್ನೂರು ವರ್ಷದ ಹಿಂದಿನ ರಾಜನ ಚಿತ್ರ ಹಾಕಿ ನಾವು ಹೋದ ವರ್ಷದ ಕ್ಯಾಲೆಂಡರ್ ಹೊಲಿದಿದ್ದೀವಿ. ಕೊಡಿ ಇಲ್ಲಿ."

ಮೂವತ್ತೊಂದು ವರ್ಷ ಬೈಂಡಿಂಗ್ ಅಂಗಡಿಯಲ್ಲಿ ಕಾಗದ ಮಡಿಸಿದ್ದೇನೆ, ಹೊಲಿದಿದ್ದೇನೆ, ಅಂಟಿಸಿದ್ದೇನೆ. ಈ ದಿನಚರಿಯನ್ನೂ ಹೊಲಿದದ್ದು ನಾನೇ. ಕಾಗದದ ಮೇಲೆ ಬರೆದದ್ದು ನನಗೆ ನಿಧಾನವಾಗಿ ತಿಳಿಯುತ್ತದೆ. ಕಾಗದ ಮುಟ್ಟಿದ ಕೂಡಲೇ ತಿಳಿಯುತ್ತದೆ. ಹಳೆಯ ರಟ್ಟು ಹಾಳೆಯ ಮೇಲೆ ಹಾಳೆ ಅಂಟಿಸಿ ಮಾಡಿದ್ದು, ಮೂಲೆ ಸವೆದರೆ ಎಲೆ ಎಲೆಯಾಗಿ ಬಿಚ್ಚಿಕೊಳ್ಳುತ್ತದೆ. ಆಮೇಲಿನದು ಒಂದೇ ಮುದ್ದೆ, ಮುರಿಯುತ್ತದೆಯೇ ಹೊರತು ಬಿಚ್ಚುವುದಿಲ್ಲ. ಕಿಟಕಿಯ ಬಿಸಿಲಿಗೆ ಹಿಡಿದರೆ ಹಳೆಯದು ಕೆನೆಯ ಬಣ್ಣಕ್ಕಿರುತ್ತದೆ. ಹೊಸದು ಬಿಳುಪಿಗೆ ನೀಲಿ ಹಾಕಿ ಒಗೆದ ಪಂಚೆಯಂತೆ ಹೊಳೆಯುತ್ತದೆ.

ಇಷ್ಟನ್ನೂ ಬೀಗಿತ್ತಿ ನೋಟುಬುಕ್ಕಿನಲ್ಲಿ ಬರೆದುಕೊಂಡರು. ನಾನು ಹೇಳಿದ್ದನ್ನು ಒಬ್ಬರು ಬರೆದುಕೊಂಡದ್ದು ಇದೇ ಮೊದಲು. ಪೊಲೀಸಿನವರನ್ನು ಬಿಟ್ಟರೆ. ಅದು ಬೇರೆ ವಿಷಯ.

ಜೂನ್ ೧೩, ಗುರುವಾರ

ಸೇತುವೆಗಳು ಮುಗಿದವು. ನದಿಗಳು ಅರ್ಧ. ಕಾಲು ತುರಿಸುತ್ತದೆ. ಕೆಲಸವಿಲ್ಲದೆ ಕೂತರೆ ಇನ್ನೂ ಹೆಚ್ಚು ತುರಿಸುತ್ತದೆ, ಅದಕ್ಕೇ ನಾನು ಕಾರ್ಡು ಮುಟ್ಟುವುದು. ಬೇರೆ ಕಾರಣ ಏನಿಲ್ಲ.

ಬೀಗಿತ್ತಿಯವರು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಎಣಿಸಿದಂತೆ ಮೂರು ಸಲ ಅಲ್ಲಾಡಿಸುತ್ತಾರೆ. ನಾಲ್ಕನೆಯ ಸಲಕ್ಕೆ ಬೀಳುತ್ತದೆಂದು ಗೊತ್ತಂತೆ.

ಜೂನ್ ೧೮, ಮಂಗಳವಾರ

ಇವರ ಮಂಚದ ಮೇಲಿನ ಗೋಡೆಯಲ್ಲಿ ಗಾಜು ಹಾಕಿಸಿದ ಒಂದು ಕಾರ್ಡು ಇತ್ತು. ಬಂದರಿನ ದೀಪಸ್ತಂಭ. ಆ ದೀಪಸ್ತಂಭ ಈಗಿಲ್ಲ. ಕಾರ್ಡಿಗೆ ನೂರು ವರ್ಷ ಎಂದು ಹೇಳಿ ಇವರು ಪ್ರತಿ ವರ್ಷದ ಮಕ್ಕಳಿಗೂ ತೋರಿಸಿದವರು. ಲೈಬ್ರರಿಯಾಕೆ ಈ ತಿಂಗಳ ಇಪ್ಪತ್ತೆಂಟಕ್ಕೆ ಮನೆಗೆ ಬರಲು ಒಪ್ಪಿದ್ದೇ ಅದನ್ನು ನೋಡಲು.

ಸಂಜೆ ಚಹಾಕ್ಕೆ ಮಗಳು, ಅಳಿಯ ಇಬ್ಬರೂ ಕೋಣೆಗೆ ಬಂದು ಕೂತಿದ್ದರು. ಬೀಗಿತ್ತಿ ಗಾಜು ಬಿಚ್ಚಿ, ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು. ಮಗನ ಕಡೆ ತಿರುಗಿ, "ನಮ್ಮನೇಗೆ ಕಾಗದದ ಡಾಕ್ಟ್ರು ಬಂದಿದ್ದಾರೆ ಕಣೋ. ಇದರ ನಾಡಿನೂ ಅವರೇ ನೋಡಿ ಹೇಳ್ಲಿ" ಎಂದರು.

ಬಿಸಿಲು ಇನ್ನೂ ಇತ್ತು. ಹಿಡಿದೆ. ನೀಲಿ ಹಾಕಿ ಒಗೆದ ಪಂಚೆ.

"ಇದಾ ನೂರು ವರ್ಷದ್ದು? ನನ್ನ ಮಗಳಿಗಿಂತ ಚಿಕ್ಕದು ಇದು. ಹಳೇ ಚಿತ್ರನ ಹೊಸ ರಟ್ಟಿನ ಮೇಲೆ ಒತ್ತಿದ್ದಾರೆ. ಯಾರೋ ನಿಮಗೆ ಚೆನ್ನಾಗಿ ಟೋಪಿ ಹಾಕಿದ್ದಾರೆ ಬೀಗಿತ್ತಿಯವರೇ."

ಅಳಿಯ ಜೋರಾಗಿ ನಕ್ಕರು. "ಅಯ್ಯೋ ಅಮ್ಮ, ನಿನ್ನ ಕ್ಲಾಸಲ್ಲಿ ನಾನೂ ಕೂತಿದ್ದೆ! ನೂರು ವರ್ಷ ಅಂತ ಪರೀಕ್ಷೆಯಲ್ಲಿ ಬರೆದು ಮಾರ್ಕು ತಗೊಂಡಿದ್ದೀನಿ!"

ಬೀಗಿತ್ತಿ ನಗಲಿಲ್ಲ. ನನ್ನ ಕೈಯಿಂದ ಕಾರ್ಡು ತೆಗೆದುಕೊಂಡು ನೋಡಿದರು, ಗಾಜಿನೊಳಗೆ ಹಾಕಲಿಲ್ಲ. ಚಹಾ ಕುಡಿಯಲಿಲ್ಲ.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕೇಳಿದವರು ಅವರೇ.

ಜೂನ್ ೨೦, ಗುರುವಾರ

ಮಾತಿಲ್ಲ. ಒಳ್ಳೆಯದೇ. ಕಿವಿಗೆ ವಿಶ್ರಾಂತಿ.

ಜೂನ್ ೨೨, ಶನಿವಾರ

ಇವತ್ತೂ ಮಾತಿಲ್ಲ. ಬೆಳಿಗ್ಗೆ ಎದ್ದು ಹಾಸಿಗೆ ಮಡಿಸಿದರು, ಕಿಟಕಿಯ ಎಡಗಡೆಯ ಬಾಗಿಲು ತೆರೆದರು, ಬಲಗಡೆಯದು ತೆರೆಯಲಿಲ್ಲ. ದಿನವೂ ಎರಡನ್ನೂ ತೆರೆಯುತ್ತಿದ್ದವರು. ನನ್ನ ನೀರಿನ ಚೊಂಬು ತುಂಬಿಸಿ ಕೈಗೆಟುಕುವಲ್ಲಿ ಇಟ್ಟರು, "ಇಕೊಳ್ಳಿ" ಎನ್ನಲಿಲ್ಲ. ಬಿಸ್ಕತ್ತನ್ನು ಚಹಾದಲ್ಲಿ ಎರಡೇ ಸಲ ಅಲ್ಲಾಡಿಸಿದರು. ಆಮೇಲೆ ಫೋನು ಹಿಡಿದು ಲೈಬ್ರರಿಗೆ ಮಾತಾಡಿದರು.

"ನೀವು ಬರೋದು ಬೇಡಮ್ಮ. ನನ್ನ ಹತ್ರ ಇರೋ ಯಾವುದಕ್ಕೂ ನಾನು ಖಾತ್ರಿ ಕೊಡಲಾರೆ... ಇಲ್ಲ, ನಾನೇ ತಪ್ಪು ತಿಳ್ಕೊಂಡಿದ್ದೆ. ಮೂವತ್ತು ವರ್ಷ ಮಕ್ಕಳಿಗೂ ತಪ್ಪೇ ಹೇಳಿದ್ದೀನಿ."

ಫೋನಿಟ್ಟು, ಟ್ರಂಕಿಗೆ ಹಾಕಿದ್ದನ್ನೂ ತೆಗೆದರು. ಸೇತುವೆ, ನದಿ, ರೈಲು, ಗಡಿಯಾರ ಎಲ್ಲ ಗೋಣಿಚೀಲಕ್ಕೆ. ಐದು ಚೀಲ ಆಯಿತು. ಬಾಯಿ ಹೊಲಿಯಲಿಲ್ಲ, ಮಡಿಸಿ ಇಟ್ಟರು. ಬುಧವಾರ ರದ್ದಿಯವನು ಬರುವ ದಿನ. ನಾನು ಬಾರದಿದ್ದರೆ ಅವು ಬೀರುವಿನಲ್ಲಿ ಇರುತ್ತಿದ್ದವು. ಬಂದು ಬಾಯಿ ಮುಚ್ಚಿಕೊಂಡಿದ್ದರೂ ಲೈಬ್ರರಿ ಸೇರುತ್ತಿದ್ದವು.

ಮಗಳು ನನ್ನ ತಲೆ ಬಾಚುವ ನೆಪದಲ್ಲಿ ಬಂದು ಕೂದಲು ಹಿಡಿದೆಳೆದಳು. "ಅಮ್ಮ, ನಿನ್ನ ನಾಲಿಗೆಗೂ ಒಂದು ಪ್ಲಾಸ್ಟರ್ ಹಾಕಿಸ್ಬೇಕಿತ್ತು."

"ಸುಳ್ಳು ಹೇಳಿದ್ನಾ ನಾನು?"

"ನಿಜ ಹೇಳೋಕೆ ಎಲ್ಲರೂ ಕೂತಿರೋ ಹೊತ್ತೇ ಆಗ್ಬೇಕಿತ್ತಾ? ಅತ್ತೆ ಆ ಕಾರ್ಡನ್ನ ಯಾರ ಕೈಗೂ ಕೊಟ್ಟವರಲ್ಲ. ನಿನ್ನ ಕೈಗೆ ಕೊಟ್ರು."

ಬಾಚಣಿಗೆ ಹಲ್ಲು ಮುರಿದಿದೆ, ಹೊಸದು ತರಬೇಕು.

ಜೂನ್ ೨೪, ಸೋಮವಾರ

ಬೀಗಿತ್ತಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ಹಗಲು ಹನ್ನೊಂದು ಗಂಟೆಗೆ ಮಲಗುವವರಲ್ಲ. ನನಗೆ ಹೊತ್ತು ಹೋಗಲಿಲ್ಲ. ವಾಕರಿನ ಕಾಲನ್ನು ಚೀಲದ ಬಾಯಿಗೆ ಸಿಕ್ಕಿಸಿ ಎಳೆದೆ. ಬಂತು.

ಕಿಟಕಿಯ ಬಲ ಬಾಗಿಲು ಇನ್ನೂ ಮುಚ್ಚಿದೆ, ಬಿಸಿಲು ಅವರ ಕಡೆಗೇ, ನನ್ನ ಕಡೆಗೆ ಬರುವುದಿಲ್ಲ. ರಟ್ಟಿನ ಬಣ್ಣ ತಿಳಿಯದು. ಅದಕ್ಕೆ ಕಾರ್ಡು ತಿರುಗಿಸಿ ಹಿಂದೆ ಬರೆದದ್ದನ್ನು ಓದಿದೆ. ಅಕ್ಷರದ ಕೆಳಗೆ ಬೆರಳಿಟ್ಟು ಓದುವವಳು ನಾನು, ಒಂದೊಂದಕ್ಕೆ ಒಂದೊಂದು ಗಳಿಗೆ ಹಿಡಿಯುತ್ತದೆ.

ಒಬ್ಬ ಬರೆದಿದ್ದಾನೆ: ಕ್ಷೇಮವಾಗಿ ತಲುಪಿದೆ, ಮಂಚ ಗಿಡ್ಡ, ಕಾಲು ಹೊರಗೆ. ಇನ್ನೊಬ್ಬ: ಎರಡು ಹಲ್ಲು ಕೀಳಬೇಕಿತ್ತು, ಒಂದಕ್ಕೇ ಎದ್ದು ಬಂದೆ. ಒಬ್ಬಳು "ಈ ವಿಷಯ ಅತ್ತಿಗೆಗೆ ತಿಳಿಯದಿರಲಿ" ಎಂದು ಬರೆದು ಅಡಿಗೆರೆ ಹಾಕಿದ್ದಾಳೆ. ಲಕೋಟೆಯಿಲ್ಲದ ಕಾರ್ಡು, ಅಂಚೆಯವನಿಂದ ಹಿಡಿದು ಬೀದಿಗೆಲ್ಲ ತಿಳಿದಿರುತ್ತದೆ, ಬಾಗಿಲಲ್ಲಿ ಕಾರ್ಡು ಇಸಿದುಕೊಂಡವಳೇ ಅತ್ತಿಗೆ ಇರಬೇಕು. ಆಮೇಲೆ ಒಂದು ಸಿಕ್ಕಿತು: "ಕೊಡೆ ನಿಮ್ಮ ಮನೆಯಲ್ಲೇ ಬಿಟ್ಟು ಬಂದೆ. ಮರೆತು ಅಲ್ಲ. ಮತ್ತೆ ಬರಲು ಒಂದು ಕಾರಣ ಇರಲಿ ಎಂದು."

ನಗು ಬಂತು. ಮೂಗಿನಿಂದ ಬಂತು, ತಡೆಯಲಾಗಲಿಲ್ಲ.

ಗೋಡೆಯ ಕಡೆಯಿಂದ ದನಿ ಬಂತು. "ಏನಂತೆ?"

ಓದಿ ಹೇಳಿದೆ. "ಎಲ್ಲಿತ್ತು ಅದು?" ಎಂದರು.

"ನಿಮ್ಮ ಗಡಿಯಾರದ ಗೋಪುರದ ಹಿಂದೆ. ಇಷ್ಟು ವರ್ಷ ಇಟ್ಕೊಂಡು ಇದನ್ನ ಓದಿಲ್ವಾ ನೀವು?"

"ನಾನು ಹಿಂಬದಿ ಯಾವತ್ತೂ ಓದಿಲ್ಲ. ಮುದ್ರೆ ನೋಡಿ ತಿರುಗಿಸಿಬಿಡ್ತಿದ್ದೆ. ಬೇರೆಯವರ ಕಾಗದ ಓದಬಾರದು ಅಲ್ವಾ?"

ಹಾಗಾದರೆ ಈ ಪುಸ್ತಕವನ್ನೂ ಮುಟ್ಟಿರಲಾರರು. ಮೊದಲ ಪುಟದ ಬೈಗುಳ ದಂಡವಾಯಿತು.

"ಬರೆದೋರು ಸತ್ತು ಎಷ್ಟೋ ಕಾಲ ಆಯ್ತು, ಓದಿಸಿಕೊಂಡೋರೂ ಸತ್ತರು. ಇನ್ಯಾರ ಮರ್ಯಾದೆ ಕಾಯ್ತಿದ್ದೀರಿ? ಈ ಕಡೆ ಬನ್ನಿ. ನನ್ನ ಓದು ಎತ್ತಿನ ನಡಿಗೆ, ಸಂಜೆ ಒಳಗೆ ಒಂದು ಚೀಲನೂ ಮುಗಿಯಲ್ಲ."

ಬಂದರು. ಸಂಜೆಯೊಳಗೆ ಎರಡು ಚೀಲ ಮುಗಿಯಿತು. ದೀಪಸ್ತಂಭದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಜೂನ್ ೨೫, ಮಂಗಳವಾರ

ರೈಲು ನಿಲ್ದಾಣಗಳ ಚೀಲ. ಓದುತ್ತಿದ್ದ ಬೀಗಿತ್ತಿ ನಡುವೆಯೇ ನಿಲ್ಲಿಸಿಬಿಟ್ಟರು.

"ಇದು ನಮ್ಮಪ್ಪನ ಅಕ್ಷರ."

ಅವರ ಅತ್ತೆಗೆ, ಎಂದರೆ ಅಪ್ಪನ ತಂಗಿಗೆ, ಬರೆದದ್ದು. ಆ ಅತ್ತೆಯ ಅಟ್ಟದಿಂದ ಬಂದ ಕಟ್ಟಿನಲ್ಲಿ ಇತ್ತಂತೆ. ನಿಲ್ದಾಣದ ಚಿತ್ರ ಚೆನ್ನಾಗಿದೆ ಎಂದು ಡಬ್ಬಕ್ಕೆ ಹಾಕಿದ್ದರು, ತಿರುಗಿಸಿರಲಿಲ್ಲ. "ಈ ‘ಳ’ ನೋಡಿ, ಬಾಲ ಕೆಳಗಿನ ಸಾಲಿಗೆ ಇಳಿದಿದೆ. ಅಪ್ಪ ಹೀಗೇ ಬರೀತಿದ್ರು. ಸ್ಲೇಟಿನ ಮೇಲೆ ನನ್ನ ಕೈ ಹಿಡಿದು ಇದೇ ಬಾಲ ಎಳೆಸ್ತಿದ್ರು." ಕಾರ್ಡಿನಲ್ಲಿ ಇದ್ದದ್ದು ಇಷ್ಟೇ: ರೈಲು ತಡವಾಯಿತು, ಊಟ ನಿಲ್ದಾಣದಲ್ಲೇ ಆಯಿತು, ಮಗುವಿಗೆ ಜ್ವರ ಬಿಟ್ಟಿದೆ. ಮಗು ಎಂದರೆ ಇವರೇ.

ಮುದ್ರೆ ನೋಡಿದೆ. ಅರವತ್ತೆರಡು ವರ್ಷ. "ಐವತ್ತು ದಾಟಿದೆ. ಹಳೇದರ ಕಡೆ ಹಾಕಿ" ಎಂದು ಕೈ ಚಾಚಿದೆ.

ಕೊಡಲಿಲ್ಲ. "ಇದು ಹೇಗ್ರೀ ಹಳೇದಾಗುತ್ತೆ? ನೋಡಿದ ಕೂಡ್ಲೇ ಗೊತ್ತಾಯ್ತಲ್ಲ, ಅಪ್ಪ ಅಂತ."

ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಪ್ಲಾಸ್ಟರಿನ ಮೇಲೆ ಇಟ್ಟುಕೊಂಡೆ. ಆಮೇಲೆ ಹೇಳಿದೆ, "ಹಾಗಾದ್ರೆ ನಿಮ್ಮ ಐವತ್ತು ವರ್ಷನೂ ಬೇಡ, ನನ್ನ ರಟ್ಟಿನ ಬಣ್ಣನೂ ಬೇಡ. ಈ ಅಕ್ಷರ ಇಂಥವರದು ಅಂತ ಹೇಳೋಕೆ ಒಬ್ಬರಾದ್ರೂ ಬದುಕಿದ್ರೆ ಕಾರ್ಡು ಹಳೇದಲ್ಲ. ಅಂಥದ್ದು ಟ್ರಂಕಿಗೆ. ಯಾರಿಗೂ ಗುರುತು ಸಿಗದೇ ಇರೋದು ಹಳೇದು, ಅದು ಲೈಬ್ರರಿಗೆ."

"ರದ್ದಿಗೆ?"

"ನಾಳೆ ಅವನು ಬಂದ್ರೆ ಪೇಪರ್ ಕೊಟ್ಟು ಕಳಿಸಿ. ಅಂಚೆಗೆ ಹಾಕಿದ್ದು ಯಾವುದೂ ರದ್ದಿ ಅಲ್ಲ."

ಬೀಗಿತ್ತಿ ಎದ್ದು ದೀಪಸ್ತಂಭದ ಕಾರ್ಡು ತಂದರು. ಅದರ ಹಿಂಬದಿ ಖಾಲಿ, ಯಾರ ಅಕ್ಷರವೂ ಇಲ್ಲ. "ಇದನ್ನ ಯಾವ ಕಡೆ ಹಾಕೋಣ?" ಎಂದು ನನ್ನನ್ನೇ ಕೇಳಿದರು. ನಾನು ಅದನ್ನು ಇನ್ನೊಮ್ಮೆ ತಿರುಗಿಸಿ ನೋಡಿದೆ. ಅವರೇ ಪೆನ್ನು ತೆಗೆದು ಬರೆದರು: "ಇದಕ್ಕೆ ನೂರು ವರ್ಷ ಎಂದು ನಾನು ಮೂವತ್ತು ವರ್ಷ ಪಾಠ ಹೇಳಿದೆ. ತಪ್ಪು ನನ್ನದು." ಕೆಳಗೆ ರುಜು, ತಾರೀಖು. ಟೀಚರ ಅಕ್ಷರ, ಮುತ್ತು ಪೋಣಿಸಿದ ಹಾಗೆ.

"ಈ ಅಕ್ಷರ ಎಲ್ಲಿ ಸಿಕ್ಕಿದ್ರೂ ನನಗೆ ಗುರುತು ಸಿಗುತ್ತೆ. ಟ್ರಂಕಿಗೆ" ಎಂದೆ.

ಹಾಕಿದರು.

ಜೂನ್ ೨೬, ಬುಧವಾರ

ರದ್ದಿಯವನು ಬಂದ. ಪೇಪರ್ ಕೊಟ್ಟೆವು. ಐದು ಚೀಲ ನೋಡಿ ಅವನ ಕಣ್ಣು ಅಗಲವಾಯಿತು. "ಅವು ಮನೆ ಮಂದಿ" ಎಂದರು ಬೀಗಿತ್ತಿ.

ಜೂನ್ ೨೮, ಶುಕ್ರವಾರ

ಬೇಡವೆಂದವರೇ ಮತ್ತೆ ಫೋನು ಮಾಡಿ ಕರೆದದ್ದರಿಂದ ಲೈಬ್ರರಿಯಾಕೆ ಬಂದಳು. ನಡುವಯಸ್ಸಿನವಳು, ಕೈಯಲ್ಲಿ ದಪ್ಪ ರಿಜಿಸ್ಟರು. ಅದರ ಹೊಲಿಗೆ ನೋಡಿದೆ, ಸಡಿಲ.

ನಮ್ಮ ಕಾನೂನು ಕೇಳಿ ಆಕೆ ಹುಬ್ಬು ಏರಿಸಿದಳು. "ಅಜ್ಜಿ, ನಾನು ಇಷ್ಟನೇ ವರ್ಷದ್ದು ಅಂತ ಬರೀಬೇಕು. ಯಾರಿಗೂ ಗುರುತಿಲ್ಲ ಅಂತ ಬರೆಯೋಕಾಗಲ್ಲ."

"ಮುದ್ರೆ ಇದ್ದ ಕಡೆ ಮುದ್ರೆಯ ವರ್ಷ ಬರೀ ತಾಯಿ. ಇಲ್ಲದ ಕಡೆ ಅಂದಾಜು ನಾನು ಹೇಳ್ತೀನಿ."

"ಯಾರ ಅಂದಾಜು ಅಂತ ಬರೀಲಿ?"

ನಾನು ಬಾಯಿ ತೆರೆಯುವ ಮೊದಲು ಬೀಗಿತ್ತಿ ಹೇಳಿದರು. "ಬೈಂಡಿಂಗ್ ಕೆಲಸದಲ್ಲಿ ಮೂವತ್ತೊಂದು ವರ್ಷ ಇದ್ದವರದು ಅಂತ ಬರೀರಿ. ಖಾತ್ರಿ ಬೇಕಾದ್ರೆ ನನ್ನನ್ನೇ ಕೇಳಿ. ನನ್ನ ನೂರು ವರ್ಷದ ಕಾರ್ಡು ಹೊಸದು ಅಂತ ಒಂದು ಗುಟುಕು ಚಹಾ ಮುಗಿಯೋದ್ರೊಳಗೆ ಹಿಡಿದುಬಿಟ್ಟವರು ಇವರು."

ಲೈಬ್ರರಿಯಾಕೆ ಬರೆದಳು. ಆಮೇಲೆ ಪೆನ್ನು ಕಚ್ಚಿಕೊಂಡು ಕೇಳಿದಳು: "ಆದ್ರೆ ಅಜ್ಜಿ, ಗುರುತು ಹಿಡಿಯೋರು ಯಾರೂ ಇಲ್ಲ ಅಂತ ನಿಮಗೆ ಹೇಗೆ ಗೊತ್ತು? ನಿಮ್ಮಿಬ್ಬರಿಗೆ ಸಿಗಲಿಲ್ಲ, ಅಷ್ಟೇ ಅಲ್ವಾ?"

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಇಷ್ಟು ಸಣ್ಣ ವಿಷಯ ಎರಡು ಮುದಿತಲೆಗೂ ಹೊಳೆದಿರಲಿಲ್ಲ.

ಆಕೆಯೇ ದಾರಿ ಹೇಳಿದಳು. ಲೈಬ್ರರಿಯ ಮುಂದಿನ ಕೋಣೆಯಲ್ಲಿ ದಾರ ಕಟ್ಟಿ ಕಾರ್ಡುಗಳನ್ನು ತೂಗುಹಾಕುವುದು, ಬರೆದ ಬದಿ ಜನರ ಕಡೆಗೆ. ಜುಲೈ ಮುಗಿಯುವ ತನಕ. ಗುರುತು ಹಿಡಿದವರು ಕಾರ್ಡನ್ನು ಮನೆಗೆ ಒಯ್ಯಬಹುದು. ಉಳಿದದ್ದು ರಿಜಿಸ್ಟರಿಗೆ.

ಜುಲೈ ೮, ಸೋಮವಾರ

ಪ್ಲಾಸ್ಟರ್ ಬಿಚ್ಚಿದರು. ಒಳಗಿನ ಕಾಲು ಯಾರದೋ ಎರವಲು ತಂದ ಹಾಗಿದೆ. ಡಾಕ್ಟರು ಇನ್ನು ನಿಮ್ಮ ಮನೆಗೆ ಹೋಗಬಹುದು ಎಂದರು. ತಮ್ಮನಿಗೆ ತಿಳಿಸಲೇ ಎಂದು ಮಗಳು ಕೇಳಿದಳು. ದಾರ ಕಟ್ಟುವ ಕೆಲಸ ಅರ್ಧ ಆಗಿದೆ, ಬೀಗಿತ್ತಿಯವರ ಗಂಟು ಗಂಟಲ್ಲ, ಎಳೆದರೆ ಜಾರುತ್ತದೆ. ಆ ಕಾರಣಕ್ಕೆ ಈ ತಿಂಗಳು ಇಲ್ಲೇ ಇರುತ್ತೇನೆ ಎಂದೆ. ಬೀರು ಬೇಕಾದರೆ ಒಳಗೆ ತನ್ನಿ ಎಂದದ್ದಕ್ಕೆ ಬೀಗಿತ್ತಿ, "ಬೇಡ, ಮಂಚ ಇರ್ಲಿ" ಎಂದರು.

ಜುಲೈ ೧೨, ಶುಕ್ರವಾರ

ಲೈಬ್ರರಿಯಲ್ಲಿ ಮೊದಲ ಕಂತಿಗೆ ಮುನ್ನೂರ ಹನ್ನೆರಡು ಕಾರ್ಡು ತೂಗಿವೆ. ಬಾಗಿಲು ತೆರೆದರೆ ಗಾಳಿಗೆ ಎಲ್ಲ ಒಟ್ಟಿಗೆ ಒಂದೇ ಕಡೆ ತಿರುಗುತ್ತವೆ. ನಿನ್ನೆಯಿಂದ ಜನ ಬರುತ್ತಿದ್ದಾರೆ, ಕಾರ್ಡು ತಿರುಗಿಸಿ ಚಿತ್ರ ನೋಡಿ ಚೆನ್ನಾಗಿದೆ ಎಂದು ಹೋಗುತ್ತಿದ್ದಾರೆ. ಒಬ್ಬರೂ ಅಕ್ಷರ ನೋಡುತ್ತಿಲ್ಲ.

ಬೀಗಿತ್ತಿ ಬಾಗಿಲಲ್ಲಿ ಹಾಕಿದ್ದ ಫಲಕ ಓದಿದೆ: "ಮಹನೀಯರಲ್ಲಿ ವಿನಂತಿ, ದಯಮಾಡಿ ಕೈಬರಹವನ್ನು ಗಮನಿಸಿ ಸಹಕರಿಸಬೇಕಾಗಿ ಪ್ರಾರ್ಥನೆ."

"ಹೀಗೆ ಪ್ರಾರ್ಥನೆ ಮಾಡಿದ್ರೆ ಯಾರ್ರೀ ಕೇಳ್ತಾರೆ? ಮೂವತ್ತು ವರ್ಷ ಕ್ಲಾಸು ಹೇಗೆ ನಡೆಸಿದ್ರಿ?" ಎಂದೆ.

"ಹಾಗಾದ್ರೆ ನೀವೇ ಹೇಳಿ, ನಾನು ಬರ್ಕೋತೀನಿ."

"ನಾನೇ ಬರೀತೀನಿ. ಅಕ್ಷರ ಕಾಗೆ ಕಾಲಾದ್ರೂ ಪರವಾಗಿಲ್ಲ, ನಾಳೆ ಯಾರಾದ್ರೂ ಗುರುತು ಹಿಡೀಲಿ."

ನಾಳೆ ದೊಡ್ಡ ಹಾಳೆಯ ಮೇಲೆ ಏರಿಸುವ ಮೊದಲು ಇಲ್ಲಿ ಬರೆದು ನೋಡಿಕೊಳ್ಳುತ್ತೇನೆ.

"ಇಲ್ಲಿ ನಿಂತವರೇ, ಚಿತ್ರ ನೋಡಿದ್ದು ಸಾಕು. ಕಾರ್ಡನ್ನು ಬಿಟ್ಟುಬಿಡಿ, ತಾನಾಗಿ ತಿರುಗಿ ನಿಲ್ಲುತ್ತದೆ. ಅಕ್ಷರ ನೋಡಿ. ನಿಮ್ಮ ಅಮ್ಮನದೋ, ಚಿಕ್ಕಪ್ಪನದೋ, ಒಂದು ಕಾಲದಲ್ಲಿ ನಿಮ್ಮ ಕೈ ಹಿಡಿದು ತಿದ್ದಿಸಿದವರದೋ ಇರಬಹುದು. ಗುರುತು ಸಿಕ್ಕರೆ ಕಿಟಕಿಯ ಹತ್ತಿರ ಕೂತ ಇಬ್ಬರಿಗೆ ಹೇಳಿ ಮನೆಗೆ ಒಯ್ಯಿರಿ. ಮನೆಯಲ್ಲಿ ಕಣ್ಣು ಕಾಣುವ ಹಿರಿಯರಿದ್ದರೆ ಕೈ ಹಿಡಿದು ಕರೆತನ್ನಿ, ಕಾಣದಿದ್ದರೆ ಓದಿ ಹೇಳಿ. ನೆಗಡಿ, ನೆಂಟರು, ಪುರುಸೊತ್ತಿಲ್ಲ ಎಂಬ ನೆಪಗಳನ್ನು ನಾವು ಇದೇ ಕಾರ್ಡುಗಳಲ್ಲಿ ಸಾಕಷ್ಟು ಓದಿದ್ದೇವೆ. ಯಾರೂ ಬಾರದಿದ್ದರೆ ಇವೆಲ್ಲ ಹಳೆಯವು ಎಂದು ನಾವಿಬ್ಬರೂ ರುಜು ಹಾಕಬೇಕಾಗುತ್ತದೆ, ನಮಗೆ ಮನಸ್ಸಿಲ್ಲ. ಆಗಸ್ಟ್ ಹುಟ್ಟುವ ಮೊದಲು ಉತ್ತರ ಕೊಡಿ."